ಬೈರಣ್ಣನ ಬದಲಿಗೆ

"ಎಡಕ್ಕೆ ತಗೊಳ್ರೋ, ಎಡಕ್ಕೆ! ತಲೆ ಗೋಡೆಗೆ ತಾಗುತ್ತೆ!"

ಮೆಟ್ಟಿಲಿನ ತಿರುವಿನಲ್ಲಿ ನಾಲ್ವರೂ ನಿಂತುಬಿಟ್ಟರು. ದುಪ್ಪಟಿಯ ತಲೆಯ ಕಡೆಯ ಮೂಲೆಗಳನ್ನು ಪ್ರಸನ್ನ ಮತ್ತು ವಂಶಿ ಹಿಡಿದಿದ್ದರು. ಕಾಲಿನ ಕಡೆ ಕಲಾಸಿಪಾಳ್ಯದ ತರಕಾರಿ ಮಂಡಿಯ ಇಬ್ಬರು ಹಮಾಲರು. ಶವ ಇಡುವ ಫ್ರೀಜರ್ ಪೆಟ್ಟಿಗೆ ಮೊದಲನೇ ಮಹಡಿಗೆ ಹತ್ತಿರಲಿಲ್ಲ. ಅದಕ್ಕೇ ದೊಡ್ಡಬೈರಪ್ಪನನ್ನೇ, ಎಲ್ಲರ ಬೈರಣ್ಣನನ್ನೇ, ಕೆಳಗಿಳಿಸುತ್ತಿದ್ದರು. ಗವಿಪುರದ ಆ ಹಳೇ ಮನೆ ಕಟ್ಟಿದವರು ಅಲ್ಲಿ ಆರಡಿ ದಾಟಿದ ಮನುಷ್ಯನೊಬ್ಬ ಬದುಕಿ ಸಾಯುತ್ತಾನೆಂದು ಯೋಚಿಸಿರಲಿಕ್ಕಿಲ್ಲ.

ಮೇಲಿನ ಮೆಟ್ಟಿಲಲ್ಲಿ ಬೈರಪ್ಪನ ಹೆಂಡತಿ ಸುಬ್ಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಅತ್ತು ಅತ್ತು ದನಿ ಒಡೆದಿತ್ತು.

"ಸ್ವಲ್ಪ ಕೂರಿಸ್ದಂಗೆ ಮಾಡು ಪ್ರಸನ್ನ. ಬೀರು ಇಳಿಸ್ವಾಗ ಅವ್ರೂ ಹಂಗೇ ಮಾಡ್ತಿದ್ರು."

ಕೂರಿಸಿದಂತೆ ಮಾಡಿದರು. ಬೈರಣ್ಣನ ತಲೆ ಪ್ರಸನ್ನನ ಹೆಗಲಿಗೆ ಒರಗಿತು. ಈ ಮನುಷ್ಯನ ಮೈಗೆ ಡಿಕ್ಕಿ ಹೊಡೆದು ತಾನು ಎಷ್ಟು ಸಲ ಬಿದ್ದಿದ್ದೇನೋ ಅಂದುಕೊಂಡ ಪ್ರಸನ್ನ. ಆ ಮೈ ತನ್ನ ಮೇಲೆ ಭಾರ ಬಿಟ್ಟದ್ದು ಇದೇ ಮೊದಲು.

ಕೆಳಗೆ ಶಾಮಿಯಾನದಡಿ ಜನ ಎರಡು ಗುಂಪಾಗಿ ಕೂತಿದ್ದರು. ಎಡಗಡೆ ಕೋಟೆ ಯೂನಿಯನ್ ಹಾಕಿ ಕ್ಲಬ್ಬಿನ ಹಳಬರು, ಬಲಗಡೆ ದಂಡು ರೋವರ್ಸ್‌ನವರು. ನಡುವೆ ಎರಡು ಸಾಲು ಕುರ್ಚಿ ಖಾಲಿ. ಬೈರಣ್ಣ ಮೀಸೆ ಮೂಡಿದಾಗಿನಿಂದ ಯೂನಿಯನ್ನಿಗೆ ಫುಲ್‌ಬ್ಯಾಕ್ ಆಗಿ ಆಡಿದವನು. ಕೊನೆಯ ಎರಡು ವರ್ಷ ಮಾತ್ರ ರೋವರ್ಸ್‌ಗೆ ಆಡಿದ್ದ. ಆ ಎರಡು ವರ್ಷದ ಸಿಟ್ಟು ಪೇಟೆಯ ಯೂನಿಯನ್ ಅಭಿಮಾನಿಗಳಲ್ಲಿ ಇನ್ನೂ ಆರಿರಲಿಲ್ಲ.

ಪ್ರಸನ್ನ ಮುಖ ತೊಳೆಯಲು ನಲ್ಲಿಯ ಬಳಿ ಹೋದಾಗ ಯೂನಿಯನ್ನಿನ ಈಗಿನ ಕಾರ್ಯದರ್ಶಿ ಅನಿಲ್ ಕುಮಾರ್ ಹಿಂದೆಯೇ ಬಂದ. ಸೈಟು, ಅಪಾರ್ಟ್‌ಮೆಂಟಿನ ವ್ಯವಹಾರದವನು. ಹಾಕಿಯ ಹುಚ್ಚು ಮಾತ್ರ ನಿಜವಾದದ್ದು.

"ಹೊತ್ತಲ್ಲದ ಹೊತ್ತು ಸಾರ್, ಗೊತ್ತು. ಆದ್ರೆ ಸಂಜೆಯೊಳಗೆ ಆ ಯಲಹಂಕದ ಟೀಮಿಗೆ ಹೇಳ್ಬೇಕು. ಇಬ್ರು ಫಾರ್ವರ್ಡ್ ಹುಡುಗ್ರನ್ನ ಕೊಡ್ತಾರೆ. ಬೆಂಕಿ ಹುಡುಗ್ರು. ನಮ್ಮಿಂದ ವಂಶಿ ಒಬ್ಬ ಹೋದ್ರೆ ಸಾಕು. ಕೋಚ್ ನೀವು, ನೀವು ಹೂಂ ಅಂದ್ರೆ ಆಯ್ತು."

"ವಂಶಿಗೆ ಹೇಳಿದೀರಾ?"

"ಅಯ್ಯೋ, ಆಗೋಕ್ ಮುಂಚೆ ಯಾಕ್ ಸಾರ್? ಎಲ್ಲಾ ಮುಗಿದ್ಮೇಲೆ ಒಂದು ಶಾಲು ಹೊದಿಸಿ ಹೇಳೋಣ."

ಅಂಗಳದಲ್ಲಿ ವಂಶಿ ಬೆವರು ಒರೆಸಿಕೊಳ್ಳುತ್ತ ಬಂದವರಿಗೆ ಕುರ್ಚಿ ಹಾಕುತ್ತಿದ್ದ. ಮೂವತ್ತನಾಲ್ಕರ ಕ್ಯಾಪ್ಟನ್. ಬಗ್ಗಿ ಏಳುವಾಗ ಎಡ ಮಂಡಿಯ ಮೇಲೆ ಕೈ ಊರುವುದನ್ನು ಪ್ರಸನ್ನ ಕಂಡ.

"ನೀವೇ ಉದಾಹರಣೆ ಅಲ್ವಾ ಸಾರ್?" ಅನಿಲ್ ದನಿ ತಗ್ಗಿಸಿದ. "ಬೈರಪ್ಪಣ್ಣನ್ನ ಕೊಟ್ಟು ನಿಮ್ಮನ್ನ ತಂದ್ರು. ಕಪ್ ಬಂತು. ಆವತ್ತು ಸೆಂಟಿಮೆಂಟ್ ನೋಡಿದ್ರೆ ಬರ್ತಿತ್ತಾ?"

ಪ್ರಸನ್ನ ನಲ್ಲಿ ತಿರುಗಿಸಿ ನೀರು ಕೈ ಮೇಲೆ ಬಿಟ್ಟುಕೊಂಡ.

*

ಮೂವತ್ತು ವರ್ಷದ ಹಿಂದೆ ಯೂನಿಯನ್ನಿನ ಕೆಂಪು ಅಂಗಿ ಹಾಕಿಕೊಂಡು ಮೊದಲ ಸಲ ಇಳಿದಾಗ ಪ್ರಸನ್ನನಿಗೆ ಇಪ್ಪತ್ತು. ಅದುವರೆಗೆ ರೋವರ್ಸ್‌ನ ಎರಡನೇ ತಂಡದಲ್ಲಿ ಯಾರೂ ಅಷ್ಟಾಗಿ ಗಮನಿಸದ ಹುಡುಗ. ಚೆಂಡು ಅವನ ಸ್ಟಿಕ್ಕಿಗೆ ಬಂದಾಗಲೆಲ್ಲ ಗ್ಯಾಲರಿ ಕೂಗುತ್ತಿತ್ತು: "ನಮ್ ಬೈರಣ್ಣ ಎಲ್ಲೋ?" ಗೋಲು ಹೊಡೆದರೂ ಅದೇ ಕೂಗು.

ಆ ವರ್ಷದ ಲೀಗ್ ಕಪ್ಪು ಕೊನೆಯ ಪಂದ್ಯಕ್ಕೆ ಬಂದು ನಿಂತಿತು. ಯೂನಿಯನ್ನಿಗೆ ರೋವರ್ಸ್ ಎದುರು. ರೋವರ್ಸ್ ಒಂದು ಗೋಲು ಮುಂದಿತ್ತು. ಸಮಮಾಡಿಕೊಂಡರೆ ಸಾಕು, ಕಪ್ಪು ಯೂನಿಯನ್ನಿನದು. ಆಟ ಮುಗಿಯಲು ಬಂದಾಗ ಪ್ರಸನ್ನನಿಗೆ ಚೆಂಡು ಸಿಕ್ಕಿತು. ಇಬ್ಬರನ್ನು ದಾಟಿದ. ಮುಂದೆ ಉಳಿದವನು ಒಬ್ಬನೇ, ನೀಲಿ ಅಂಗಿಯ ಬೈರಣ್ಣ.

ಪೇಟೆಯ ಗ್ಯಾಲರಿ ಎದ್ದು ನಿಂತಿತು. "ಬಿಡಣ್ಣ! ಬೈರಣ್ಣ, ಬಿಟ್ಬಿಡಣ್ಣ!" ಬೆಳ್ಳಿಕೂದಲಿನವರು ಕೈ ಮುಗಿದು ಕೂಗುತ್ತಿದ್ದರು. ನೀನು ನಮ್ಮವನು ಅನ್ನುವ ಹಾಗೆ.

ಬೈರಣ್ಣ ಬಿಡಲಿಲ್ಲ. ಪ್ರಸನ್ನ ಬಲಕ್ಕೆ ಹೊರಳುವ ಮೊದಲೇ ಅವನು ಬಲಕ್ಕೆ ಬಂದಿದ್ದ. ಮೈ ಸೋಕಿಸದೆ ಸ್ಟಿಕ್ಕನ್ನು ನೆಲಕ್ಕೆ ಹಾಸಿ ಚೆಂಡನ್ನಷ್ಟೇ ಕಿತ್ತುಕೊಂಡು ದೂರ ಬಾರಿಸಿದ. ಪ್ರಸನ್ನ ತನ್ನ ವೇಗಕ್ಕೆ ತಾನೇ ಹೋಗಿ ಅವನ ಹೆಗಲಿಗೆ ಅಪ್ಪಳಿಸಿ ಬಿದ್ದ. ಆಟ ಮುಗಿದ ಸೀಟಿ ಕೇಳಿತು; ಕಪ್ಪು ಹೋಯಿತು.

ಅಷ್ಟು ದಿನ ಬೈರಣ್ಣನ ಹೆಸರು ಜಪಿಸಿದವರೇ ಅವನನ್ನು ದ್ರೋಹಿ ಎಂದರು. ಮಾರನೆಯ ಬೆಳಿಗ್ಗೆ ಮಂಡಿಯಲ್ಲಿ ಅವನ ಅಂಗಡಿಯ ಬಾಗಿಲಿಗೆ ಯಾರೋ ಕೊಳೆತ ಟೊಮೆಟೊ ಸುರಿದಿದ್ದರು. ಬೈರಣ್ಣ ಪೊರಕೆ ತಂದು ಗುಡಿಸಿ, ನೀರು ಹಾಕಿ, ವ್ಯಾಪಾರಕ್ಕೆ ಕೂತನಂತೆ. ಕೇಳಿದವರಿಗೆ ಹೇಳಿದ್ದು ಇಷ್ಟೇ: "ಆ ಬಟ್ಟೆ ಹಾಕ್ಕೊಂಡ್ಮೇಲೆ ಆ ಬಟ್ಟೆಗೆ ಆಡ್ಬೇಕು. ಇವರದ್ದು ಹಾಕ್ಕೊಂಡಿದ್ದಾಗ ಇವರಿಗೆ ಆಡಿರ್ಲಿಲ್ವಾ?"

ಆ ವಾರವೇ ಅವನು ಪ್ರಸನ್ನನನ್ನು ಮಂಡಿಗೆ ಕರೆಸಿದ. ಪ್ರಸನ್ನ ಹೆದರುತ್ತಲೇ ಹೋಗಿದ್ದ. ಮೂಟೆಗಳ ನಡುವಿನ ಓಣಿಯಲ್ಲಿ ಬೈರಣ್ಣ ಒಂದು ಗುಂಡಗಿನ ಈರುಳ್ಳಿಯನ್ನು ಅವನ ಕಾಲ ಬಳಿಗೆ ಉರುಳಿಸಿ, ಮೂಲೆಯಲ್ಲಿದ್ದ ಹಳೇ ಸ್ಟಿಕ್ಕು ಕೊಟ್ಟ.

"ಬಾ, ನನ್ನ ದಾಟ್ಕೊಂಡ್ಹೋಗು."

ಹೋಗಲಾಗಲಿಲ್ಲ. ಎಷ್ಟು ಸಲ ಬಂದರೂ ಆಗಲಿಲ್ಲ.

"ನೀನು ಯಾವ ಕಡೆ ಹೋಗ್ತೀಯ ಅಂತ ನಿನ್ ಕಣ್ಣು ಮೊದ್ಲೇ ಹೇಳ್ಬಿಡುತ್ತೆ ಕಣೋ. ಕಾಲು ಆಮೇಲೆ ಬರುತ್ತೆ. ಆ ಕಣ್ಣನ್ನ ಸುಳ್ಳು ಹೇಳೋಕೆ ಕಲಿಸು."

"ಅಣ್ಣ, ನೀವು ರೋವರ್ಸ್... ನನಗ್ಯಾಕೆ ಹೇಳ್ಕೊಡ್ತೀರಾ?"

"ಮ್ಯಾಚಲ್ಲಿ ಹೇಳ್ಕೊಡ್ತಿದೀನಾ? ಬಾ, ಬಾ. ಇನ್ನೊಂದ್ಸಲ."

ಸುತ್ತ ಹಮಾಲರು ನಗುತ್ತಿದ್ದರು. ಈರುಳ್ಳಿಗಳು ಒಂದೊಂದಾಗಿ ಚಿಂದಿಯಾದವು. ಹಾಗೆ ವರ್ಷವಿಡೀ ನಡೆಯಿತು. ಮುಂದಿನ ವರ್ಷದ ಅದೇ ಪಂದ್ಯದಲ್ಲಿ ಪ್ರಸನ್ನನ ಕಣ್ಣು ಬಲಕ್ಕೆ ನೋಡಿತು, ಕಾಲು ಎಡಕ್ಕೆ ಹೋಯಿತು. ಬೈರಣ್ಣ ನಿಂತಲ್ಲೇ ಕೂತುಬಿಟ್ಟ. ಚೆಂಡು ಬಲೆಗೆ ಬಿದ್ದ ಸದ್ದು ಕೇಳಿ ಪ್ರಸನ್ನ ತಿರುಗಿ ನೋಡಿದಾಗ ಅವನು ನಗುತ್ತಿದ್ದ. ಕಪ್ಪು ಯೂನಿಯನ್ನಿಗೆ ಬಂತು; ಸೋತ ತಂಡದಲ್ಲಿ ನಗುತ್ತಿದ್ದವನು ಅವನೊಬ್ಬನೇ.

ಅದೇ ಅವನ ಕೊನೆಯ ಆಟ. ಆಮೇಲೆ ಯೂನಿಯನ್ನಿನ ಪಂದ್ಯಗಳಿಗೆ ಬರುತ್ತಿದ್ದ, ಆದರೆ ಯಾವ ಗ್ಯಾಲರಿಯಲ್ಲೂ ಕೂರುತ್ತಿರಲಿಲ್ಲ. ಗೋಲಿನ ಹಿಂದೆ ಕಂಬಿ ಹಿಡಿದು ನಿಂತು ನೋಡಿ ಹೋಗುತ್ತಿದ್ದ.

*

ಆಟೋ ಒಂದು ಬಂದು ನಿಂತಿತು. ಮಲ್ಲೇಶ್ವರದಿಂದ ಚಕ್ರಪಾಣಿಯವರು ಮೊಮ್ಮಗಳ ಕೈ ಹಿಡಿದು ಇಳಿದರು. ಎಂಬತ್ತು ದಾಟಿದ ಜೀವ. ಹಗಲು ಹೈಸ್ಕೂಲಿನಲ್ಲಿ ಲೆಕ್ಕ, ಸಂಜೆ ಯೂನಿಯನ್ನಿಗೆ ಕೋಚು ಎಂದು ಬದುಕಿದವರು. ಬೈರಣ್ಣನನ್ನು ರೋವರ್ಸ್‌ಗೆ ಕೊಟ್ಟದ್ದು ಅವರೇ. ಅದಾದ ಮೇಲೆ ಯೂನಿಯನ್ನಿನವರು ಅವರನ್ನು ಯಾವ ಸಮಾರಂಭಕ್ಕೂ ಕರೆದಿರಲಿಲ್ಲ.

ಎಡಗಡೆಯ ಕುರ್ಚಿಗಳಿಂದ ಒಂದು ದನಿ ಬಂತು: "ನೋಡ್ರಪ್ಪ, ಮಾರ್ದೋರೂ ಬಂದ್ರು."

ಚಕ್ರಪಾಣಿಯವರ ಹೆಜ್ಜೆ ನಿಂತಿತು. ಗಂಡನ ತಲೆಯ ಬಳಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಸುಬ್ಬಮ್ಮ ಎದ್ದು ಬಂದಳು.

"ಯಾರ್ರೀ ಅದು? ಅಂದವ್ರು ಎದ್ದು ನಿಂತು ಅನ್ನಿ." ಯಾರೂ ಏಳಲಿಲ್ಲ. "ಸಾರ್, ಇವತ್ತು ಹೇಳ್ಬಿಡಿ. ಹೇಳ್ಬೇಡಿ ಅಂದೋರು ಹೋದ್ರು. ಇನ್ಯಾಕೆ ನೀವು ಬೈಸ್ಕೊಂಡಿರ್ತೀರಾ?"

ಪ್ರಸನ್ನ ಕುರ್ಚಿ ತಂದು ಹಾಕಿದ. ಅವರು ಕೂರಲಿಲ್ಲ, ಅದರ ಬೆನ್ನು ಹಿಡಿದು ನಿಂತರು.

"ಕೊಟ್ಟಿದ್ದು ನಾನೇ. ಅದರಲ್ಲಿ ಸುಳ್ಳಿಲ್ಲ. ಗೋಲ್ ಹೊಡೆಯೋರಿಲ್ದೆ ಟೀಮ್ ಬಡಕಲಾಗಿತ್ತು. ರೋವರ್ಸ್‌ನವ್ರು ಬೈರಪ್ಪನ್ನ ಬಿಟ್ಟು ಬೇರೆ ಯಾರನ್ನೂ ಒಪ್ಪಲಿಲ್ಲ. ಕಮಿಟಿಗೆ ಹೇಳೋಕ್ ಮುಂಚೆ ನಾನು ಮಂಡಿಗೆ ಹೋದೆ. ಅವನ ಮುಖ ನೋಡ್ಕೊಂಡು ಹೇಳಿದೆ, ಬೈರಪ್ಪ, ನಿನ್ನ ಕೊಡೋಣ ಅಂತಿದೀನಿ, ನೀನು ಬೇಡ ಅಂದ್ರೆ ಇಲ್ಲಿಗೇ ಬಿಟ್ಟೆ ಅಂತ."

ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟ. ಆಮೇಲೆ ಕೇಳಿದ, ಬದಲಿಗೆ ಬರೋ ಹುಡುಗ ಯಾರು ಸಾರ್? ಹೆಸರು ಹೇಳಿದೆ. ಮಾಲು ನೋಡ್ದೆ ಹೆಂಗೆ ತಗೊಳ್ತೀರಾ, ನಾನು ನೋಡ್ಕೊಂಡು ಬರ್ತೀನಿ ಅಂತ ಒಬ್ಬನೇ ಹೋದ. ರೋವರ್ಸ್‌ನವ್ರ ಎರಡನೇ ಟೀಮಿನ ಮ್ಯಾಚು, ಗೋಲ್ ಹಿಂದೆ ನಿಂತು ಪೂರ್ತಿ ನೋಡಿದಾನೆ. ಮಾರನೇ ದಿನ ನಮ್ಮನೇಗೆ ಬಂದ. ಕೊಟ್ಬಿಡಿ ಸಾರ್ ನನ್ನ, ಆ ಹುಡುಗನ್ನ ಬಿಟ್ರೆ ಬೇರೆ ಯಾರಾದ್ರೂ ಎತ್ಕೊಂಡ್ಹೋಗ್ತಾರೆ, ಅಂದ."

ಚಕ್ರಪಾಣಿಯವರು ಪ್ರಸನ್ನನ ಕಡೆ ನೋಡಿದರು.

"ಒಂದೇ ಒಂದು ಮಾತು ತಗೊಂಡ ನನ್ನಿಂದ. ನಾನೇ ನೋಡಿ ಒಪ್ಪಿದ್ದು ಅಂತ ಆ ಹುಡುಗನಿಗೆ ಗೊತ್ತಾಗ್ಬಾರ್ದು. ಋಣ ಅಂದ್ಕೊಂಡು ಆಡಿದ್ರೆ ಅವನ ಆಟ ಕೆಟ್ಟೋಗುತ್ತೆ ಅಂದ."

"ಆವತ್ತು ಮನೇಗೆ ಬಂದು ಯೂನಿಯನ್ ಬಟ್ಟೆ ನಾನೇ ಒಗೀತೀನಿ ಅಂದ್ರು," ಎಂದಳು ಸುಬ್ಬಮ್ಮ. "ಯಾವತ್ತೂ ಒಂದು ಕರ್ಚೀಫ್ ಒಗ್ದೋರಲ್ಲ. ಬಚ್ಚಲ ಬಾಗಿಲು ಹಾಕ್ಕೊಂಡು ನಲ್ಲಿ ಬಿಟ್ಕೊಂಡು ಅತ್ರು. ನೀರಿನ ಸದ್ದಲ್ಲಿ ಕೇಳ್ಸಲ್ಲ ಅಂದ್ಕೊಂಡಿದ್ರು."

ಪ್ರಸನ್ನನಿಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ. ತನ್ನಿಂದಾಗಿ ಯೂನಿಯನ್ ಎಂಬ ಮನೆ ಕಳೆದುಕೊಂಡವನು ತನಗೆ ಆಟ ಕಲಿಸಿದ ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದ. ಮನೆಯ ಬಾಗಿಲು ತೆರೆದು ತನ್ನನ್ನು ಒಳಗೆ ಕರೆದವನೂ ಅವನೇ. ಗಾಜಿನಡಿ ಬೈರಣ್ಣನ ಮುಖ ಏನೂ ಹೇಳದೆ ಮಲಗಿತ್ತು.

ಬಲಗಡೆಯಿಂದ ರೋವರ್ಸ್‌ನ ಮುದುಕರೊಬ್ಬರು ಎದ್ದು ಬಂದು, ನಡುವಿನ ಖಾಲಿ ಸಾಲಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಎಡಗಡೆಯವರೊಬ್ಬರು ಬಂದು ಅವರ ಪಕ್ಕ ಕೂತರು.

*

ಶವದ ವ್ಯಾನಿನೊಳಗೆ ಬೈರಣ್ಣನ ಒಂದು ಬದಿಗೆ ಪ್ರಸನ್ನ, ಎದುರು ಬದಿಗೆ ವಂಶಿ. ಬೈರಣ್ಣನ ಮಗಳು ನಂದಿತಾ ಮುಂದೆ ಡ್ರೈವರ್ ಪಕ್ಕ ಕೂತಿದ್ದಳು. ಗಂಡುಮಕ್ಕಳಿಲ್ಲದ ತಂದೆಗೆ ಅವಳೇ ಕೊಳ್ಳಿ ಇಡುವವಳು. ಉಮಾ ಟಾಕೀಸಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು.

"ವಂಶಿ," ಎಂದ ಪ್ರಸನ್ನ. "ಯಲಹಂಕದವ್ರು ನಿನ್ನ ಕೇಳ್ತಿದಾರೆ. ಇಬ್ರು ಹುಡುಗ್ರನ್ನ ಕೊಡ್ತಾರಂತೆ. ನೀನು ಬೇಡ ಅಂದ್ರೆ ಬೇಡ."

ವಂಶಿ ಹೂವಿನ ಹಾರ ಸರಿಮಾಡಿದ. "ಗೊತ್ತಿತ್ತು ಅಣ್ಣ. ಎಲ್ಲರ ಬಾಯಲ್ಲೂ ಇದೆ. ನೀವು ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ." ಆಮೇಲೆ ತಲೆಯೆತ್ತಿದ. "ನಿಜ ಹೇಳಿ. ನನ್ನ ಆಟ ಮುಗೀತಾ?"

ಬೈರಣ್ಣನ ಮುಂದೆ ಸುಳ್ಳು ಹೇಳಲು ಪ್ರಸನ್ನನಿಗೆ ನಾಲಿಗೆ ಏಳಲಿಲ್ಲ.

"ಓಟ ಮುಗೀತು. ಕಣ್ಣು ಮುಗಿದಿಲ್ಲ. ಆ ಹುಡುಗ್ರು ನಿನ್ನ ಓಡ್ಸಿ ಬೀಳಿಸ್ತಾರೆ. ಆದ್ರೆ ನಮ್ಮೋರು ಎರಡು ಗೋಲ್ ಹಿಂದೆ ಬಿದ್ದಾಗ ಎಲ್ರೂ ತಿರುಗಿ ಯಾರ್ ಮುಖ ನೋಡ್ತಾರೆ ಅಂತ ನನಗೆ ಗೊತ್ತು. ಒಂದು ವರ್ಷ ಆಡ್ತೀಯ. ಅರ್ಧ ಮ್ಯಾಚು ಹೊರಗೆ ಕೂರ್ಬೇಕಾಗುತ್ತೆ."

ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಗಾಡಿ ಹೊರಟಿತು.

"ಕೂರ್ತೀನಿ," ಎಂದ ವಂಶಿ. "ಬೈರಪ್ಪಣ್ಣನಷ್ಟು ದೊಡ್ಡ ಮನಸ್ಸು ನನಗಿಲ್ಲ ಅಣ್ಣ. ಬಿಟ್ಟು ಹೋಗೋಕಾಗಲ್ಲ. ಇಲ್ಲೇ ಇರ್ತೀನಿ."

"ಅವನಿಗೂ ಆಗಿರ್ಲಿಲ್ಲ ಕಣೋ. ಕೇಳಿದ್ಯಲ್ಲ, ನಲ್ಲಿ ಕತೆ."

ಇಬ್ಬರೂ ನಗಬಾರದ ಜಾಗದಲ್ಲಿ ಸಣ್ಣಗೆ ನಕ್ಕರು.

ಚಾಮರಾಜಪೇಟೆಯ ವಿದ್ಯುತ್ ಚಿತಾಗಾರದ ಗೇಟಿನಲ್ಲಿ ಅನಿಲ್ ಕಾರಿನಿಂದಿಳಿಯುತ್ತಿದ್ದ. ಪ್ರಸನ್ನ ನೇರ ಅವನ ಬಳಿಗೆ ಹೋದ. "ಯಲಹಂಕದವ್ರಿಗೆ ಆಗಲ್ಲ ಅಂತ ಹೇಳ್ಬಿಡಿ. ವಂಶಿ ಇರ್ತಾನೆ."

"ಸೋತ್ರೆ ಸಾರ್?"

"ನನ್ನ ಹೆಸರು ಹೇಳಿ."

ಅನಿಲ್ ಫೋನ್ ಕೈಗೆ ತೆಗೆದುಕೊಂಡ. ಗಾಡಿಯಿಂದ ಚಟ್ಟವನ್ನು ಇಳಿಸುತ್ತಿದ್ದರು, ಒಂದು ಕಡೆ ಹೆಗಲು ಸಾಲದೆ ವಾಲುತ್ತಿತ್ತು. ಅವನು ಫೋನನ್ನು ಜೇಬಿಗೆ ಹಾಕಿಕೊಂಡು ಓಡಿಹೋಗಿ ಹೆಗಲು ಕೊಟ್ಟ.

ಒಳಗೆ ಕೊನೆಯ ದರ್ಶನ. ಎಲ್ಲರೂ ಬಾಯಿಗೆ ಅಕ್ಕಿ ಹಾಕಿ ಸರಿದರು. ಚಿತಾಗಾರದ ನೌಕರ, "ಕಟ್ಟು ಬಿಚ್ಚಿ, ಹೊತ್ತಾಯ್ತು," ಎಂದ. ಹಾರಗಳನ್ನು ತೆಗೆದರು, ಕೈಯ ದಾರ ಬಿಚ್ಚಿದರು. ಕಾಲಿನ ಎರಡು ಹೆಬ್ಬೆರಳುಗಳನ್ನು ಕೂಡಿಸಿ ಕಟ್ಟಿದ ಬಟ್ಟೆ ಹಾಗೇ ಉಳಿದಿತ್ತು.

ಚಕ್ರಪಾಣಿಯವರು ಮೊಮ್ಮಗಳ ಕೈ ಬಿಡಿಸಿಕೊಂಡು ಮುಂದೆ ಬಂದು, ಬೈರಣ್ಣನ ಕಾಲ ಬಳಿ ನೆಲದ ಮೇಲೆ ಮಂಡಿಯೂರಿದರು.

"ಸಾರ್, ನೀವು ದೊಡ್ಡೋರು, ಕಾಲು ಮುಟ್ಬಾರ್ದು," ಎಂದಳು ಸುಬ್ಬಮ್ಮ.

ಅವರು ಕೇಳಿಸಿಕೊಳ್ಳದೆ ಹೆಬ್ಬೆರಳಿನ ಗಂಟಿಗೆ ಕೈ ಹಾಕಿದರು. ಗಟ್ಟಿಯಾಗಿತ್ತು, ಬೆರಳಿಗೆ ಸಡಿಲವಾಗಲಿಲ್ಲ. ಪ್ರಸನ್ನ ಬಗ್ಗಿ ಕೈ ಚಾಚಿದ. ಮುದುಕರು ಆ ಕೈಯನ್ನು ಮೊಣಕೈಯಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿ, ಕನ್ನಡಕ ಮೂಗಿನ ಮೇಲಕ್ಕೆ ಏರಿಸಿ, ಮತ್ತೆ ಗಂಟಿಗೆ ಉಗುರು ಹಾಕಿದರು. ನೌಕರನೂ ಅವಸರ ಮಾಡದೆ ಕಬ್ಬಿಣದ ಬಾಗಿಲಿನ ಹಿಡಿಕೆ ಹಿಡಿದು ಕಾದು ನಿಂತ.