ತಿಂಗಳ ಕೊನೆಗೆ ಎಂಟು ಹೆಸರು

ಫೋನು ಕೈಕೊಟ್ಟಿದ್ದು ಬೊಂಗ್‌ನ್ಯೊ ಅಜ್ಜಿಯ ಬಾಗಿಲಲ್ಲಿ. ನಾನು ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವವಳು. ಒಳಗೆ ಹೋಗುವಾಗೊಮ್ಮೆ, ಹೊರಡುವಾಗೊಮ್ಮೆ ಬಾಗಿಲ ಪಕ್ಕ ಅಂಟಿಸಿದ ಬಿಲ್ಲೆಗೆ ಫೋನು ತಾಗಿಸಬೇಕು. ಅದು ಟೀಂಕ್ ಅಂದರೇ ನಾನು ಬಂದ ಹಾಗೆ. ಅಂದು ಎಷ್ಟು ಉಜ್ಜಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಅಜ್ಜಿಗೆ ಗಂಜಿ ಕುಡಿಸಿ, ಬಟ್ಟೆ ಬದಲಿಸಿ, ಮೂರು ಗಂಟೆ ದುಡಿದರೂ ನನ್ನನ್ನು ಕೆಲಸಕ್ಕೆ ಕಳಿಸುವ ಕೇಂದ್ರದವರ ಪಾಲಿಗೆ ನಾನು ಆ ಮನೆಗೆ ಬಂದೇ ಇರಲಿಲ್ಲ.

ಕೇಂದ್ರದ ಮೇಡಂ ಖಡಾಖಂಡಿತವಾಗಿ ಹೇಳಿದರು: "ಯೊಂಗ್‌ಸಿಮ್ ಅವ್ರೇ, ಇದು ಮೂರನೇ ಸಲ. ಶುಕ್ರವಾರದೊಳಗೆ ನಿಮ್ಮ ಹೆಸರಲ್ಲೇ ಹೊಸ ಫೋನ್ ತನ್ನಿ. ಇಲ್ಲಾಂದ್ರೆ ಅಜ್ಜಿ ಹತ್ರ ಬೇರೆಯವರನ್ನ ಕಳಿಸ್ತೀನಿ."

ಬೇರೆಯವರಂತೆ! ಬೇರೆಯವರು ಚಮಚ ಹಿಡಿದರೆ ಆ ಮುದುಕಿ ಹಲ್ಲು ಕಚ್ಚಿ ಕೂರುತ್ತಾಳೆ. ಹೋದ ವರ್ಷ ನಾನು ಜ್ವರ ಬಂದು ಮಲಗಿದ್ದ ಐದೇ ದಿನಕ್ಕೆ ಒಣಗಿ ಕಡ್ಡಿಯಾಗಿದ್ದಳು.

ಹೊಸ ಫೋನು ಬೇಕೆಂದು ನಾನೇನು ಕೇಳಿರಲಿಲ್ಲವೇ? ಬುಪ್ಯೊಂಗ್ ಮಾರುಕಟ್ಟೆಯಲ್ಲಿ ಫೋನಿನ ಅಂಗಡಿ ಇಟ್ಟಿರುವ ಮ್ಯೊಂಗ್‌ಓಕ್ ಅಕ್ಕನನ್ನು ವರ್ಷದಿಂದ ಕೇಳುತ್ತಲೇ ಇದ್ದೆ. ಪ್ರತಿ ಸಲವೂ ಅದೇ ಮಾತು: "ಹಳೇ ಫೋನಿಗೆ ಕಂಪನಿ ಜೊತೆ ಮಾಡ್ಕೊಂಡ ಕರಾರು ಮುಗಿದಿಲ್ಲ ಕಣೇ. ಈಗ ಬದಲಾಯಿಸಿದ್ರೆ ದಂಡ ಬೀಳುತ್ತೆ. ಅಕ್ಕ ಇದೀನಲ್ಲ, ನೋಡ್ಕೋತೀನಿ." ಒಡಹುಟ್ಟಿದವಳಲ್ಲ, ಆದರೂ ಹದಿನೆಂಟು ವರ್ಷದ ಅಕ್ಕ. ನನ್ನ ಗಂಡ ತೀರಿಕೊಂಡಾಗ ಮೂರು ದಿನ ಮನೆಗೂ ಹೋಗದೆ, ಸಾವಿಗೆ ಬಂದವರಿಗೆಲ್ಲ ಸೂಪು ಬಡಿಸಿದವಳು. ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದು ಅವಳಿಗೆ ಮಾಡುವ ದ್ರೋಹವೆಂದು ನಂಬಿದ್ದೆ. ಎಂಥ ಪೆದ್ದಿ ನಾನು!

ಗುರುವಾರ ಹೋದರೆ ಅವಳ ಅಂಗಡಿಗೆ ಬೀಗ. ಗಡುವಿಗೆ ಉಳಿದಿದ್ದು ಒಂದೇ ದಿನ. ವಿಧಿಯಿಲ್ಲದೆ, ಕಳ್ಳಿಯ ಹಾಗೆ ಅತ್ತಿತ್ತ ನೋಡುತ್ತ ಸ್ಟೇಷನ್ ಎದುರಿನ ಅಂಗಡಿಗೆ ನುಗ್ಗಿದೆ. ದಂಡ ಎಷ್ಟಾದರೂ ಕಟ್ಟುತ್ತೇನೆ, ಹೊಸ ಫೋನು ಕೊಡಿ ಎಂದೆ. ಅಂಗಡಿಯ ಹೆಂಗಸು ನನ್ನ ಗುರುತಿನ ಚೀಟಿ ಇಸಿದುಕೊಂಡು ಕಂಪ್ಯೂಟರಿನಲ್ಲಿ ಏನೋ ಒತ್ತಿ ಹುಬ್ಬೇರಿಸಿದಳು.

"ಎಲ್ಲೀ ದಂಡ? ನಿಮ್ ಕರಾರು ಮುಗಿದು ವರ್ಷ ಆಯ್ತು. ಆದ್ರೆ ಹೋದ ತಿಂಗಳು ಮೂವತ್ತನೇ ತಾರೀಖು ಹೊಸ ಫೋನ್ ತಗೊಂಡಿದೀರಲ್ಲ? ಇನ್ನಾರು ತಿಂಗಳು ನಿಮ್ ಹೆಸರಿಗೆ ಇನ್ನೊಂದು ಕೊಡೋ ಹಾಗಿಲ್ಲ."

"ನಾನಾ? ಯಾವ ಫೋನು?"

"ಮಾರ್ಕೆಟ್ಟಲ್ಲಿ, ಮ್ಯೊಂಗ್‌ಓಕ್ ಅವರ ಅಂಗಡೀಲಿ." ಅವಳು ದನಿ ತಗ್ಗಿಸಿದಳು. "ನೀವು ತಗೊಂಡಿಲ್ಲಾಂದ್ರೆ ಪೊಲೀಸ್ರಿಗೆ ದೂರು ಕೊಟ್ಟು ಅದರ ಪ್ರತಿ ತನ್ನಿ. ಕಂಪನಿಯವ್ರು ಇವತ್ತೇ ತಡೆ ತೆಗೀತಾರೆ."

ಅಂಗಡಿ ಮುಚ್ಚಿದ ದಿನ ಅವಳೆಲ್ಲಿರುತ್ತಾಳೆಂದು ನನಗೆ ಗೊತ್ತು. ಓಣಿಯ ಹೆಂಗಸರೆಲ್ಲ ದುಡ್ಡು ಕೊಟ್ಟು ಮೀಯುವ ಸಾರ್ವಜನಿಕ ಸ್ನಾನದ ಮನೆಯಲ್ಲಿ. ಅಲ್ಲಿ ಬಟ್ಟೆ ಬಿಚ್ಚದೆ ಒಳಗೆ ಬಿಡುವುದಿಲ್ಲ. ಜಗಳಕ್ಕೆಂದು ಹೊರಟವಳು ಬರಿಮೈಯಲ್ಲಿ ಹೋದೆ.

ಕುತ್ತಿಗೆವರೆಗೆ ಬಿಸಿನೀರಲ್ಲಿ ಕೂತಿದ್ದವಳು ನನ್ನನ್ನು ಕಂಡು ಮುಖ ಅರಳಿಸಿದಳು. "ಬಾರೇ ಬಾ, ಬೆನ್ನುಜ್ಜು ಬಾ!"

"ಮೂವತ್ತನೇ ತಾರೀಖು ನನ್ ಹೆಸರಲ್ಲಿ ಫೋನ್ ತಗೊಂಡೋರು ಯಾರಕ್ಕಾ?"

"ಮೆಲ್ಲಗೆ ಮಾತಾಡೇ!"

"ಯಾಕೆ ಮೆಲ್ಲಗೆ? ಎಲ್ರೂ ಕೇಳ್ಲಿ!"

ಅವಳು ನನ್ನ ಕೈ ಹಿಡಿದು ಮೂಲೆಗೆ ಎಳೆದಳು. "ತಿಂಗಳ ಕೊನೆ ಕಣೇ. ಎಂಟು ಫೋನ್ ಕಮ್ಮಿ ಬಿತ್ತು. ಗುರಿ ಮುಟ್ಟದಿದ್ರೆ ಕಂಪನಿಯವ್ರು ಅಂಗಡಿ ಕಿತ್ಕೋತಿದ್ರು. ಎಂಟು ಹೆಸರು ಬೇಕಾಗಿತ್ತು. ನಿನ್ ಗುರುತಿನ ಚೀಟಿ ಪ್ರತಿ ನನ್ ಹತ್ರ ಇತ್ತು. ಕಂತೆಲ್ಲ ನಾನೇ ಕಟ್ತಿದೀನಲ್ಲ, ನಿಂಗೇನ್ ನಷ್ಟ?"

"ಕರಾರು ಮುಗಿದಿಲ್ಲ ಅಂತ ವರ್ಷದಿಂದ ಕಿವಿ ಮೇಲೆ ಹೂವಿಟ್ಯಲ್ಲ?"

"ನಿನ್ ಹೆಸರು ಖಾಲಿ ಇರ್ಲಿ ಅಂತ. ಯಾವಾಗ ಬೇಕಾಗುತ್ತೋ ಏನೋ."

"ನಾಳೆಯೊಳಗೆ ಹೊಸ ಫೋನ್ ತರದಿದ್ರೆ ಅಜ್ಜಿ ಹತ್ರ ಬೇರೆಯವರನ್ನ ಕಳಿಸ್ತಾರೆ! ಊರಲ್ಲಿ ಅಷ್ಟು ಜನ ಇರೋವಾಗ ನಾನೇ ಯಾಕೆ?"

"ನೀನು ನನ್ನೋಳು ಅಂತ ತಾನೇ?"

ಸುಳ್ಳು ಯಾಕೆ ಹೇಳಲಿ, ಆ ಮಾತಿಗೆ ಒಂದು ಗಳಿಗೆ ಕರಗಿದೆ. ಆಮೇಲೆ ಕೇಳಿದೆ. "ಹಾಗಾದ್ರೆ ನಿನ್ ಮಗಳು ಸೆಬಿನ್ ಹೆಸರಲ್ಲೂ ಒಂದು ತಗೊಂಡ್ಯಾ?"

"ಥೂ, ಬಿಡ್ತು ಅನ್ನು! ಅವಳ ಹೆಸರು ಯಾಕೆ ಹಾಕ್ಲಿ? ನಾಳೆ ಮದುವೆ, ಮನೆ ಅಂತ ಓಡಾಡೋಳು, ಅವಳಿಗೆ ತೊಂದ್ರೆ ಆಗಲ್ವಾ?"

ಮಾತು ಬಾಯಿಂದ ಹೊರಟ ಮೇಲೆ ತಾನೇನು ಒಪ್ಪಿಕೊಂಡೆ ಎಂದು ಅವಳಿಗೂ ಗೊತ್ತಾಯಿತು. ನನ್ನ ಮೊಣಕೈ ಹಿಡಿದುಕೊಂಡಳು. "ದೂರು ಗೀರು ಅನ್ಬೇಡ ಕಣೇ, ಅಂಗಡಿ ಮುಚ್ಚಿ ಹೋಗುತ್ತೆ. ಆರು ತಿಂಗಳು ತಡ್ಕೋ. ಆ ಮುದುಕಿ ಹೋದ್ರೆ ಇನ್ನೊಂದು ಮುದುಕಿ ಸಿಗ್ತಾಳೆ."

ಕೈ ಕೊಡವಿಕೊಂಡು ಬಂದೆ. ಮೈ ಸರಿಯಾಗಿ ಒರೆಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಠಾಣೆಯಲ್ಲಿ ನಮೂನೆ ಕೊಟ್ಟರು. ಅವಳ ಹೆಸರು ಬರೆದೆ, ಅಂಗಡಿಯ ವಿಳಾಸ ಬರೆದೆ, ತಾರೀಖು ಬರೆದೆ. ಅದರ ಕೆಳಗೆ, ಆರೋಪಿಗೂ ನಿಮಗೂ ಏನು ಸಂಬಂಧ ಎಂದಿತ್ತು. ಅಲ್ಲಿ ಪೆನ್ನು ನಿಂತಿತು.

"ಏನಮ್ಮಾ, ನೆಂಟರಾ?" ಎಂದು ಕೇಳಿದ ಪೊಲೀಸು.

"ಅಲ್ಲ," ಎಂದೆ. "ಅವ್ರು ಅಂಗಡಿಯವ್ರು. ನಾನು ಗಿರಾಕಿ."

ಹಾಗೆಯೇ ಬರೆದು ಸಹಿ ಹಾಕಿದೆ.