ಅಪ್ಪ: ದಾಳಿ ಮೂರು ಸಾವಿರ

ಹೆತ್ತ ತಾಯಿಯ ಬಾಯಲ್ಲಿ ಇಂಥ ಮಾತು ಕೇಳುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಪ್ರಸನ್ನನ್ನ ಮೊದ್ಲು ಸ್ಮಶಾನಕ್ಕೆ ಕಳ್ಸು ಕಣಮ್ಮ. ಅವ್ನಿರಗಂಟ ನಾವು ಗೆಲ್ಲಾಕಾಗಲ್ಲ!"

ಕಳ್ಳಂಬೆಳ್ಳದ ನಮ್ಮ ಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಪ್ರಸನ್ನ ಎಂದರೆ ನಾನೇ, ಪ್ರಸನ್ನ ಕುಮಾರ್, ಶಿರಾದ ಹೈಸ್ಕೂಲೊಂದರ ಡ್ರಿಲ್ ಮಾಸ್ತರು. ನಾನು ಸೀಟಿ ಊದಿದರೆ ನಾನೂರು ಮಕ್ಕಳು ಗಪ್‌ಚುಪ್. ಆ ಸಂಜೆ ಕೆರೆ ಏರಿ ಮೇಲೆ ಬೈಕು ಪಂಕ್ಚರ್ ಆಗಿ, ಅದನ್ನು ಭೀಮರಾಜುವಿನ ಅಂಗಡಿಯಲ್ಲಿ ಬಿಟ್ಟು ನಡೆದು ಬಂದಿದ್ದೆ. ಒಳಗೆ ಯಾರೋ ಹೆಂಗಸು ಬಿದ್ದು ಬಿದ್ದು ನಗುತ್ತಿದ್ದಳು. ಅದು ನನ್ನ ಹೆಂಡತಿಯ ನಗು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ.

ಒಳಗೆ ಕಾಲಿಟ್ಟೆ. ನಗು ನಿಂತಿತು. ಹೆಂಡತಿ ಎದ್ದು ಅಡುಗೆಮನೆಗೆ ನಡೆದಳು. ಒಂಬತ್ತನೇ ಕ್ಲಾಸಿನ ಮಗಳು ರಕ್ಷಾ ಚಾಪೆ ಮೇಲಿದ್ದುದನ್ನು ದಿಂಬಿನಡಿ ತಳ್ಳಿದಳು. ಎಲೆಯಡಿಕೆ ಜಗಿಯುತ್ತಿದ್ದ ಅಮ್ಮ ಮಾತ್ರ, "ಬೈಕೆಲ್ಲಿ ಮಡಗ್ಬುಟ್ಟೆ? ಸದ್ದೇ ಬರ್ಲಿಲ್ವಲ್ಲಾ?" ಅಂದಳು.

"ಏನದು? ತೆಗಿ!" ಎಂದೆ, ಸ್ಕೂಲಿನ ದನಿಯಲ್ಲೇ.

ತೆಗೆದಳು. ಕಾರ್ಡುಗಳು! ನನ್ನ ಮನೆಯೇ ಇಸ್ಪೀಟ್ ಕ್ಲಬ್ಬಾಯಿತಲ್ಲ ಎಂದು ಮೈ ಉರಿದುಹೋಯಿತು.

"ಇಸ್ಪೀಟಲ್ಲಪ್ಪ. ಜಪಾನಿನ ಮಾಂಗಾ ಕಾಮಿಕ್ಸ್ ಓದ್ತೀನಲ್ಲ, ಅದ್ರಲ್ಲಿ ಬರೋ ಆಟ."

"ಮಂಗನ ಆಟವಾ?"

"ಮಂಗನ್ದೇ ಕಣ್ಲಾ," ಅಂದಳು ಅಮ್ಮ. "ಕತೆ ಚೆನ್ನಾಗೈತೆ. ಕಾರ್ಡಿಂದ ರಾಕ್ಷಸ್ರು ಎದ್ದು ಹೊಡ್ದಾಡ್ತಾರೆ. ಸೋತೋರು ಸ್ಮಶಾನಕ್ಕೆ."

ಅಸಲಿ ಕಾರ್ಡು ಇಲ್ಲಿ ಸಿಗದೆ, ರಕ್ಷಾ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ತಾನೇ ಬರೆದುಕೊಂಡಿದ್ದಳು. ಮೇಲಿನದು 'ಅಜ್ಜಿ': ದಾಳಿ ಐನೂರು, ಸ್ಮಶಾನದಿಂದ ಒಬ್ಬರನ್ನು ಎಬ್ಬಿಸಬಲ್ಲಳು. ನನಗೂ ನಗು ಬಂತು. ಮುಂದಿನದು 'ಅಮ್ಮ': ದಾಳಿ ಸೊನ್ನೆ, ತಡೆ ಮೂರು ಸಾವಿರ. ಮೂರನೆಯದರಲ್ಲಿ ಸೀಟಿ ಕಚ್ಚಿಕೊಂಡ ರಾಕ್ಷಸನಿದ್ದ. ಮೀಸೆ ನನ್ನದೇ.

'ಅಪ್ಪ: ದಾಳಿ ಮೂರು ಸಾವಿರ. ಬೈಕಿನ ಸದ್ದಾದ ಕೂಡಲೇ ಉಳಿದ ಕಾರ್ಡುಗಳೆಲ್ಲ ಬೋರಲು ಮಲಗಬೇಕು. ಮಾತಾಡುವಂತಿಲ್ಲ.'

ಇನ್ನೊಮ್ಮೆ ಓದಿದೆ. ನಾನು ಕುಡಿಯುವವನಲ್ಲ. ಮನೆಯಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ. ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತೇನೆ, ಅಷ್ಟೇ. ಅದೇ ಇವರಿಗೆ ಭಯವೇ? ಸಿಟ್ಟಿಗೆ ಹರಿದುಹಾಕಲು ಕಾರ್ಡು ಮಡಿಸಿದೆ.

"ಹರೀಬ್ಯಾಡಪ್ಪ, ಎರಡು ತಿಂಗ್ಳು ಕೂತು ಬರ್ದಿದೀನಿ!"

ಮಡಿಸಿದ ಕಾರ್ಡಿನ ಹಿಂದೆ ಬಂಗಾರದ ಅಕ್ಷರ ಕಂಡಿತು: 'ತಮ್ಮ ಸುಖಾಗಮನವನ್ನು ಬಯಸುವವರು'. ಕೆಳಗಿನ ಹೆಸರುಗಳು ಕತ್ತರಿಗೆ ಹೋಗಿದ್ದವು. ಅಡುಗೆಮನೆಯಲ್ಲಿ ಒಂದು ಪಾತ್ರೆಯ ಸದ್ದೂ ಇರಲಿಲ್ಲ. ನನ್ನ ಆಗಮನವನ್ನು ಇಲ್ಲಿ ಯಾರೂ ಬಯಸುವುದಿಲ್ಲವೆನಿಸಿ ನಾಚಿಕೆಯಾಯಿತು.

"ಸ್ಮಶಾನ ಯಾವ ಕಡೆ?" ಎಂದು ಕೇಳಿದೆ.

ರಕ್ಷಾ ಚಾಪೆಯ ಮೂಲೆ ತೋರಿಸಿದಳು. ಕಾರ್ಡಿನ ಮಡಿಕೆ ಬಿಡಿಸಿ ಅಲ್ಲಿಟ್ಟು, ನಾನೂ ಕೆಳಗೆ ಕೂತೆ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಅಮ್ಮ 'ಅಜ್ಜಿ' ಕಾರ್ಡು ಎತ್ತಿಕೊಂಡಳು. "ಪಾಪ, ಎಬ್ಬಿಸ್ಬುಡ್ಲೇನೇ?"

ರಕ್ಷಾ ನನ್ನ ಮುಖ ನೋಡಿದಳು.

"ಈಗ್ಲೇ ಬ್ಯಾಡಜ್ಜಿ," ಅಂದಳು ಮೆಲ್ಲಗೆ. "ಅಮ್ಮ ಒಂದಾಟ ಆಡ್ಲಿ."