ಎರಡನೆಯ ಹೊಗೆ

ಪಕ್ಕದ ಮನೆಯ ಹೊಗೆಕೊಳವೆಯಿಂದ ಸಂಜೆ ಎರಡು ಸಲ ಹೊಗೆ ಏಳುತ್ತಿತ್ತು. ಮೊದಲನೆಯದು ಸೂರ್ಯ ಗುಡ್ಡದ ಹಿಂದೆ ಸರಿಯುವ ಹೊತ್ತಿಗೆ. ಎರಡನೆಯದು, ನಾವು ಅವರಲ್ಲಿ ಸ್ನಾನ ಮುಗಿಸಿ ಮರಳಿ, ನಾನು ಅನ್ನಕ್ಕೆ ಇಟ್ಟ ಮೇಲೆ. ಬೇಲಿಯ ಪೊದೆಗಳು ಅಂಗಳವನ್ನು ಮರೆಮಾಡಿದ್ದರೂ ಕೊಳವೆಯ ತುದಿ ನಮ್ಮ ಅಡುಗೆಮನೆಯ ಕಿಟಕಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲು ದಟ್ಟ ಬಿಳಿ, ಆಮೇಲೆ ತೆಳು ನೀಲಿ. ಪತ್ರಿಕೆಯ ಕಚೇರಿಯಲ್ಲಿ ಹದಿನೇಳು ವರ್ಷ ಬೇರೆಯವರ ವರದಿಗಳನ್ನು ತಿದ್ದಿದವಳು ನಾನು. ಕಂಡದ್ದನ್ನು ಹೊತ್ತಿನ ಸಮೇತ ಬರೆದಿಡುವ ಅಭ್ಯಾಸ ಕೆಲಸ ಬಿಟ್ಟ ಮೇಲೂ ಬಿಟ್ಟಿರಲಿಲ್ಲ. ನಲವತ್ತೊಂದು ಸಂಜೆ ನನ್ನ ಪುಸ್ತಕದಲ್ಲಿ ‘ಎರಡು ಹೊಗೆ’ ಎಂದು ಬರೆದಿದ್ದೇನೆ. ಕಂಡದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ನನ್ನ ಯಜಮಾನರು ಚಂದ್ರಮೌಳಿಯವರಿಗೆ ಜಪಾನಿನ ಗುಡ್ಡಗಾಡು ಹಳ್ಳಿಯೊಂದರ ರೇಷ್ಮೆ ಕೇಂದ್ರದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತ್ತು. ವಾಸಕ್ಕೆ ಕೊಟ್ಟದ್ದು ಬಹುಕಾಲ ಬೀಗ ಬಿದ್ದಿದ್ದ ಮರದ ಮನೆ. ಬಂದ ಎರಡು ತಿಂಗಳಲ್ಲಿ ನಾವಿಬ್ಬರೇ ಅದನ್ನು ಒಂದು ಸ್ಥಿತಿಗೆ ತಂದಿದ್ದೆವು. ನೆಲದ ದಪ್ಪ ಚಾಪೆಗಳನ್ನು ಎಬ್ಬಿಸಿ ಬಿಸಿಲಿಗೆ ಒರಗಿಸಿದೆವು, ಸರಿಯುವ ಬಾಗಿಲುಗಳ ಚೌಕಟ್ಟಿಗೆ ಹೊಸ ಕಾಗದ ಅಂಟಿಸಿದೆವು. ಉಳಿದದ್ದು ಬಚ್ಚಲು; ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಕಾಯಿಸಿದ ಬಕೆಟ್ ನೀರಿನಲ್ಲೇ ಮೀಯುತ್ತಿದ್ದೆವು. ಅಲ್ಲಿಯ ಬಚ್ಚಲೆಂದರೆ ಮನುಷ್ಯ ಇಳಿದು ಕೂರುವಷ್ಟು ದೊಡ್ಡ ಕಬ್ಬಿಣದ ಹಂಡೆ, ಮಣ್ಣಿನ ಒಲೆಯ ಮೇಲೆ ಕೂರಿಸಿದ್ದು. ಉರಿ ಹಾಕುವ ಬಾಯಿ ಗೋಡೆಯ ಹೊರಗೆ. ನೀರಿನ ಮೇಲೆ ದುಂಡನೆಯ ಹಲಗೆಯೊಂದು ತೇಲುತ್ತಿರುತ್ತದೆ. ಪಾದ ಸುಡದಂತೆ ಅದನ್ನೇ ಮೆಟ್ಟಿ ಮುಳುಗಿಸಿಕೊಂಡು ಇಳಿಯಬೇಕು. “ನಮ್ಮಜ್ಜಿ ಮನೆ ಬಚ್ಚಲ ಹಂಡೆಯ ದೊಡ್ಡಣ್ಣ ಕಣೇ ಇದು,” ಎಂದು ಯಜಮಾನರು ನಕ್ಕರು. ನಮ್ಮ ಹಂಡೆ ಗಟ್ಟಿಯಾಗಿತ್ತು. ಕೆಳಗಿನ ಒಲೆ ಕುಸಿದು ಅದು ಒಂದು ಮಗ್ಗುಲಿಗೆ ವಾಲಿತ್ತು.

ಪಕ್ಕದ ಮನೆಯಲ್ಲಿದ್ದವರು ಕಿಸಾಕು ಸಾನ್ ಮತ್ತು ಅವರ ಹೆಂಡತಿ ಸುಗಿ ಸಾನ್. ಇಬ್ಬರಿಗೂ ಎಪ್ಪತ್ತು ದಾಟಿತ್ತು. ‘ಸಾನ್’ ಎಂದರೆ ನಮ್ಮ ‘ಅವರು’ ಇದ್ದಂತೆ. ಮುಂದೆ ನಾನು ಅವರನ್ನು ಅಲ್ಲಿಯ ರೂಢಿಯಂತೆ ಅಜ್ಜ, ಅಜ್ಜಿ ಎಂದೇ ಕರೆದೆ. ಅವರ ಹಳ್ಳಿಮಾತು ನನ್ನ ಕಿವಿಯಲ್ಲಿ ನಮ್ಮ ಕಡೆಯ ಮಾತಾಗಿಯೇ ಉಳಿದಿದೆ. ಹಾಗೆಯೇ ಬರೆಯುತ್ತೇನೆ.

ಒಲೆ ಕುಸಿದದ್ದನ್ನು ನೋಡಿದ ದಿನವೇ ಸುಗಿ ಸಾನ್ ತೀರ್ಮಾನ ಮಾಡಿಬಿಟ್ಟರು.

“ಇದು ಸರಿಹೋಗೋವರೆಗೂ ನಮ್ಮನೇಲೇ ಸ್ನಾನ.”

“ದಿನಾ ಬರೋದೇ ಅಜ್ಜಿ?”

“ಮತ್ತೆ? ವಾರಕ್ಕೊಂದ್ಸಲ ಮೀಯೋರೇನು ನೀವು?”

ಅವರ ಸೂರಿನ ಕೆಳಗೆ ಸೌದೆ ಒಟ್ಟಿತ್ತು. ಕಿಟಕಿಯ ಮೇಲಂಚಿನವರೆಗೆ, ಒಂದೇ ಅಳತೆಗೆ ಕಡಿದು, ಗೋಡೆಯಷ್ಟೇ ನೇರವಾಗಿ. ನಾನು ಅದನ್ನು ಮೆಚ್ಚಿದಾಗ ಅವರು, “ಹಿಮ ಬಿದ್ಮೇಲೆ ಮೂರು ತಿಂಗಳು ಕಾಡಿನ ದಾರಿ ಮುಚ್ಚಿಹೋಗುತ್ತೆ. ಇದಿಷ್ಟೇ ನಮ್ಮ ಚಳಿಗಾಲ,” ಎಂದರು. ಅಜ್ಜನ ಮಂಡಿಗಳ ವಿಷಯವನ್ನೂ ಅವರೇ ಹೇಳಿದರು. ರಾತ್ರಿ ಮಲಗುವ ಮುಂಚೆ ಬಿಸಿನೀರಿನಲ್ಲಿ ಕೂರದಿದ್ದರೆ ಬೆಳಿಗ್ಗೆ ಅಜ್ಜ ಗೋಡೆ ಹಿಡಿದೇ ಏಳಬೇಕಿತ್ತು. ಇದನ್ನು ಕೇಳಿದ ಮೇಲೆ ನಾವು ಒಂದು ಗಡುವು ಹಾಕಿಕೊಂಡೆವು: ಹಿಮ ಬೀಳುವ ಮೊದಲು ನಮ್ಮ ಒಲೆ ಏಳಬೇಕು, ಅವರ ಸೌದೆಯ ಮೇಲಿನ ನಮ್ಮ ಭಾರ ಇಳಿಯಬೇಕು.

ಸ್ನಾನದ ಕ್ರಮವನ್ನು ಸುಗಿ ಸಾನ್ ಮಾಡಿ ತೋರಿಸಿದರು. ಹಂಡೆಯ ಹೊರಗೆ ಮಣೆಯ ಮೇಲೆ ಕೂತು ಸೋಪು ಹಚ್ಚಿ ತೊಳೆದುಕೊಳ್ಳಬೇಕು, ಆಮೇಲೆ ಹಂಡೆಗೆ ಇಳಿಯಬೇಕು. ಅತಿಥಿಗಳು ಮೊದಲು. ನಾವು ಸ್ನಾನ ಮಾಡುವಷ್ಟು ಹೊತ್ತೂ ಕಿಸಾಕು ಸಾನ್ ಹೊರಗೆ ಒಲೆಯ ಬಾಯಿಯ ಮುಂದೆ ಕೂತಿರುತ್ತಿದ್ದರು. “ಬಿಸಿ ಸಾಕಾ?” ಎಂದು ಗೋಡೆಯಾಚೆಯಿಂದ ಕೇಳುತ್ತಿದ್ದರು. “ಸಾಕು ಅಜ್ಜ,” ಎನ್ನುತ್ತಿದ್ದೆ. ಕತ್ತಿನವರೆಗೆ ಬಿಸಿನೀರು, ಚಾವಣಿಯ ಸಂದಿನಲ್ಲಿ ಒಂದು ಪಟ್ಟಿ ಆಕಾಶ. ಪರವೂರಿನಲ್ಲಿದ್ದೇನೆ ಎಂಬುದು ಆ ಕಾಲು ಗಂಟೆ ನನಗೆ ನೆನಪಿರುತ್ತಿರಲಿಲ್ಲ.

ಮೊದಲು ಯಜಮಾನರು ಇಳಿಯುತ್ತಿದ್ದರು, ಆಮೇಲೆ ನಾನು. ಗಂಡನ ನೀರು, ಪರವಾಗಿಲ್ಲ ಎಂದುಕೊಂಡೆ. ಆದರೆ ನಾವು ಮೈ ಅದ್ದಿದ ನೀರನ್ನು ಹಿರಿಯರಿಗೆ ಬಿಟ್ಟುಬರುವುದೇ? ನಮ್ಮಲ್ಲಿ ಲೋಟದಲ್ಲಿ ಉಳಿದ ಗುಟುಕನ್ನೂ ಚೆಲ್ಲಿ, ತೊಳೆದು ಇಡುತ್ತೇವೆ. ಹಂಡೆಯ ತಳದ ಬಳಿ ಮರದ ಬಿರಡೆಯೊಂದಿತ್ತು. ಮೊದಲ ಸಂಜೆ ಮೇಲೆದ್ದವಳೇ ಅದನ್ನು ಕಿತ್ತೆ. ನೀರು ಗುಳುಗುಳು ಎಂದು ಹೊಲದ ಕಾಲುವೆಗೆ ಹರಿಯಿತು. ಹೊರಗೆ ಒಲೆಯಲ್ಲಿ ಏನನ್ನೋ ಗರಗರ ಎಳೆದ ಸದ್ದಾಯಿತು. ಹಂಡೆಯನ್ನು ಒಳಗಿನಿಂದ ಉಜ್ಜಿ ತೊಳೆದು, ಬಿರಡೆ ಬಿಗಿದು ಬಂದೆ. ಹೆಂಗಸಾಗಿ ಒಂದು ಮನೆಯ ಮರ್ಯಾದೆ ಉಳಿಸಿದೆ ಎಂಬ ಸಮಾಧಾನವಿತ್ತು. ಹೊರಗೆ ಸುಗಿ ಸಾನ್ ಕಾಲುವೆಯ ಕಡೆ ನೋಡಿ, ತಲೆ ಬಾಗಿಸಿ, “ನಾಳೇನೂ ಬನ್ನಿ,” ಎಂದರು. ನಲವತ್ತೊಂದು ಸಂಜೆ ಹಾಗೆಯೇ ಮಾಡಿದೆ.

ಎರಡನೆಯ ಹೊಗೆಗೆ ನಾನೇ ಅರ್ಥ ಹಚ್ಚಿದೆ. ಅತಿಥಿಗಳಿಗೆ ಒಂದು ನೀರು, ಮನೆಯವರಿಗೆ ಬೇರೆ ನೀರು; ಎಂಥ ಶುದ್ಧಿ ಇವರದು! ನನ್ನ ಹಳೆಯ ಪತ್ರಿಕೆಗೆ ಒಂದು ಲೇಖನ ಕಳಿಸಿದೆ, ಅವರ ಮನೆಯ ಚಿತ್ರದ ಸಮೇತ. ‘ಈ ಹಳ್ಳಿಯಲ್ಲಿ ಅತಿಥಿ ಬಂದ ಮನೆಯನ್ನು ಹೊಗೆಯಿಂದಲೇ ಗುರುತಿಸಬಹುದು, ಅಲ್ಲಿ ಸಂಜೆ ಎರಡು ಸಲ ನೀರು ಕಾಯುತ್ತದೆ’ ಎಂದು ಅದರಲ್ಲಿ ಬರೆದಿದ್ದೆ. ಅಚ್ಚಾದ ಪುಟ ಅಂಚೆಯಲ್ಲಿ ಬಂದಾಗ ಅವರಿಗೆ ಕೊಂಡೊಯ್ದು, ಸಾಲು ಸಾಲಾಗಿ ಅರ್ಥ ಹೇಳಿದೆ. ಕಿಸಾಕು ಸಾನ್ ಕೈಕಟ್ಟಿ ಕೇಳಿದರು.

“ಎರಡು ಸಲ ಕಾಯಿಸೋದು ನಮ್ಮೂರ ಪದ್ಧತಿ ಅಂತ ಬರೆದಿದೆಯಾ?”

“ಹೌದು ಅಜ್ಜ.”

“ಹೌದಾ! ಒಳ್ಳೇ ಪದ್ಧತಿ,” ಎಂದು ಗಂಭೀರವಾಗಿ ತಲೆಯಾಡಿಸಿದರು. ಸುಗಿ ಸಾನ್ ಪುಟವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹೋಗಿ ಗೋಡೆಗೆ ಅಂಟಿಸಿದರು.

ಇತ್ತ ನಮ್ಮ ಒಲೆ ಏಳುತ್ತಿರಲಿಲ್ಲ. ಕೆಂಪು ಜೇಡಿಮಣ್ಣಿಗೆ ಕತ್ತರಿಸಿದ ಭತ್ತದ ಹುಲ್ಲು ಬೆರೆಸಿ ಹತ್ತು ದಿನ ಕೊಳೆಯಲು ಬಿಡಬೇಕು, ದಿನವೂ ತುಳಿಯಬೇಕು. ಕಿಸಾಕು ಸಾನ್ ಪಕ್ಕದಲ್ಲಿ ಬುಟ್ಟಿ ಬೋರಲು ಹಾಕಿ ಕೂತು ಉಸ್ತುವಾರಿ ನೋಡುತ್ತಿದ್ದರು. “ಮೇಷ್ಟ್ರೇ, ಹುಳಕ್ಕೆ ಸೊಪ್ಪು ಹಾಸ್ದಂಗೆ ಮೆಲ್ಲಗೆ ತುಳೀಬೇಡಿ. ಮಣ್ಣಿಗೆ ನೋವಾಗಲ್ಲ,” ಎಂದು ಯಜಮಾನರನ್ನು ಚುಡಾಯಿಸುತ್ತಿದ್ದರು. ರೇಷ್ಮೆ ಕೇಂದ್ರದವರೆಲ್ಲ ಅವರ ಬಾಯಲ್ಲಿ ಮೇಷ್ಟ್ರೇ. ಮೊದಲ ಒಲೆ ಕಟ್ಟಿ, ಪೂರಾ ಒಣಗುವ ಮುಂಚೆ ಅವಸರಪಟ್ಟು ಬೆಂಕಿ ಹಾಕಿದೆವು. ಮೂರು ಕಡೆ ಬಿರುಕು ಬಿಟ್ಟಿತು. ಕೆಡವಿ ಮತ್ತೆ ಮಣ್ಣು ಕಲಸಿದೆವು.

ಅವಸರಕ್ಕೆ ಕಾರಣ ಆ ಸೌದೆಯ ಗೋಡೆ. ಅದು ಕಿಟಕಿಯ ಮೇಲಂಚಿನಿಂದ ಕೆಳಅಂಚಿಗೆ ಇಳಿದಿತ್ತು. ಹಿಮ ಇನ್ನೂ ಬಿದ್ದಿರಲೇ ಇಲ್ಲ. ನಾವಿಬ್ಬರು ಹೆಚ್ಚುವರಿ ಬಂದದ್ದಕ್ಕೆ ಇಷ್ಟೊಂದು ಸೌದೆ ಹೇಗೆ ಕರಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಸುಗಿ ಸಾನ್ ಬೆನ್ನ ಮೇಲೆ ಪುಳ್ಳೆಯ ಹೊರೆ ಹೊತ್ತು ಗುಡ್ಡದಿಂದ ಇಳಿಯುವುದನ್ನು ಕಂಡೆ. “ವ್ಯಾಯಾಮ ಕಣಮ್ಮಾ,” ಎಂದರು.

ನಲವತ್ತೆರಡನೆಯ ದಿನ, ರಜೆಯ ದಿನ, ಎರಡನೆಯ ಒಲೆಯ ಮೇಲೆ ಹಂಡೆಯನ್ನು ಕೂರಿಸುತ್ತಿದ್ದೆವು. ನೀರು ಹೋಗುವ ಕೊಳವೆಯನ್ನು ಕಿಸಾಕು ಸಾನ್ ಗೋಡೆಯಾಚೆಗೆ ಉದ್ದ ಮಾಡಿ, ಬಿರಡೆ ಹೊರಗಿನಿಂದಷ್ಟೇ ಕೀಳಲು ಬರುವಂತೆ ಅಳವಡಿಸಿದರು. ಅವರ ಮನೆಯಲ್ಲಿ ಹಾಗಿರಲಿಲ್ಲ.

“ಹೊರಗೆ ಯಾಕೆ ಅಜ್ಜ? ಒಳಗಿದ್ದರೆ ಸ್ನಾನ ಆದ ಕೂಡಲೇ ಕೀಳಬಹುದಲ್ಲ?”

ಅವರು ಹೆಂಡತಿಯ ಕಡೆ ನೋಡಿದರು. ಸುಗಿ ಸಾನ್ ಮಣ್ಣಿನ ಕಡೆ ನೋಡಿದರು.

“ಕೀಳೋದು ಮಾರನೇ ದಿನ ತಾನೇ,” ಎಂದರು ಅಜ್ಜ. “ಬಟ್ಟೆ ಒಗೆದಾದ ಮೇಲೆ.”

“ಯಾವ ನೀರಿನಲ್ಲಿ ಬಟ್ಟೆ?”

“ಸ್ನಾನದ ನೀರಲ್ಲೇ. ಎಲ್ಲರದೂ ಆದ್ಮೇಲೆ ಮುಚ್ಚಿಟ್ಟಿರ್ತೀವಲ್ಲ.”

“ಎಲ್ಲರದೂ ಅಂದರೆ?”

“ಬಂದೋರು, ಆಮೇಲೆ ನಾನು, ಕೊನೇಗೆ ಇವಳು.” ಅಜ್ಜ ಬೆರಳು ಮಡಚಿ ಎಣಿಸಿದರು. ಆಮೇಲೆ ಮೆಲ್ಲಗೆ, “ಒಂದೇ ನೀರು,” ಎಂದರು.

ನನ್ನ ಕೈಯ ಮಣ್ಣು ಹಾಗೆಯೇ ಉಳಿಯಿತು. ಯಜಮಾನರು ನನ್ನನ್ನು ನೋಡಿದರು. “ಹಾಗಾದರೆ ಎರಡನೇ ಸಲ ಹೊಗೆ ಬರ್ತಿತ್ತಲ್ಲ, ಅದು?” ಎಂದು ಕೇಳಿದವಳು ನಾನೇ, ಉತ್ತರ ಆಗಲೇ ಗೊತ್ತಾಗಿತ್ತು.

“ನೀರೇ ಇರ್ತಿರಲಿಲ್ವಲ್ಲಮ್ಮಾ,” ಎಂದರು ಸುಗಿ ಸಾನ್.

ಗುಡ್ಡದ ನೀರನ್ನು ಅಂಗಳಕ್ಕೆ ತರುವ ಬಿದಿರ ದೋಣಿಯಿಂದ ಬಕೆಟ್ಟಿನಲ್ಲಿ ಹೊತ್ತು ಅವರು ಪ್ರತಿ ಸಂಜೆ ಆ ಹಂಡೆಯನ್ನು ಎರಡನೆಯ ಸಲ ತುಂಬಿದ್ದರು. ನಾನು ಕೇಳಿಸಿಕೊಂಡಿದ್ದ ಗರಗರ ಸದ್ದು, ಒಲೆಯಿಂದ ಕೆಂಡ ಈಚೆಗೆ ಎಳೆಯುವ ಸದ್ದು. “ಉರಿ ಮೇಲೆ ಬರೀ ಹಂಡೆ ನಿಂತ್ರೆ ಸೀಳಿಹೋಗುತ್ತೆ. ಒಳಗೆ ಗುಳುಗುಳು ಅಂದ ತಕ್ಷಣ ಎಳೀತಿದ್ದೆ,” ಎಂದರು ಅಜ್ಜ. “ಮೊದಲನೇ ದಿನ ಸ್ವಲ್ಪ ಗಾಬರಿ ಆಯ್ತು. ಆಮೇಲೆ ಅಭ್ಯಾಸ ಆಯ್ತು.”

“ಒಂದು ಮಾತು ಹೇಳಬಾರದಿತ್ತೇ ಅಜ್ಜ?”

“ನಿಮ್ಮೂರ ಪದ್ಧತಿ ಅಂದ್ಕೊಂಡ್ವಿ. ದೇವರ ವಿಷಯ ಏನಾದ್ರೂ ಇದ್ರೆ? ಕೇಳಿ ನೋಯಿಸೋದು ಬೇಡ ಅಂದ್ಲು ಇವಳು.”

“ನಾನಲ್ಲ, ನೀವೇ ಅಂದಿದ್ದು.”

“ಪತ್ರಿಕೇಲಿ ಬಂದದ್ದನ್ನ ಓದಿ ಹೇಳಿದಾಗಲಾದರೂ…” ಎಂದೆ.

ಕಿಸಾಕು ಸಾನ್ ತಲೆ ಕೆರೆದುಕೊಂಡರು. “ಅಚ್ಚಾಗಿತ್ತಲ್ಲಮ್ಮಾ. ನಮಗೇ ಗೊತ್ತಿಲ್ದೇ ಇರೋ ಪದ್ಧತಿ ಇರಬಹುದು ಅಂದ್ಕೊಂಡೆ.”

ಮೊದಲು ನಕ್ಕವರು ಸುಗಿ ಸಾನ್. ಆಮೇಲೆ ಯಜಮಾನರು. ನನಗೆ ನಗು ಬರಲಿಲ್ಲ. ಹೊಸ ವರದಿಗಾರರಿಗೆ ನಾನು ಹದಿನೇಳು ವರ್ಷ ಹೇಳಿದ್ದು ಒಂದೇ ಮಾತು: ಕಂಡದ್ದು ಸಾಲದು, ಕೇಳಬೇಕು. ನಾನೇ ಬೇಲಿಯಾಚೆಗೆ ಇಪ್ಪತ್ತು ಹೆಜ್ಜೆ ನಡೆದು ಒಂದು ಪ್ರಶ್ನೆ ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಆದರೆ ಅವರು ಸುಮ್ಮನಿದ್ದ ಪ್ರತಿ ದಿನಕ್ಕೂ ಒಂದು ಹಂಡೆ ನೀರು ಹೊತ್ತಿದ್ದರು, ತಮ್ಮ ಚಳಿಗಾಲದಿಂದ ಒಂದು ಹೊರೆ ಸೌದೆ ಉರಿಸಿದ್ದರು.

ಮರುದಿನ ಯಜಮಾನರು ಕೇಂದ್ರದಿಂದ ಕೈಗಾಡಿಯಲ್ಲಿ ಹಿಪ್ಪುನೇರಳೆಯ ಕಡ್ಡಿಗಳನ್ನು ತಂದರು. ಹಿಂದಿನ ವರ್ಷ ಸವರಿದವು, ಕೊಟ್ಟಿಗೆಯಲ್ಲಿ ಒಣಗಿ ಬಿದ್ದಿದ್ದವು, ಯಾರಿಗೂ ಬೇಡವಾಗಿದ್ದವು. ಹನ್ನೆರಡು ಸಂಜೆ ತಂದು ಅವರ ಸೂರಿನ ಕೆಳಗೆ ಒಟ್ಟಿದೆವು. ಕಿಸಾಕು ಸಾನ್ ನಮ್ಮ ಕೊಂಕು ಸಾಲುಗಳನ್ನು ನೋಡಿ, ಎಲ್ಲವನ್ನೂ ಕೆಳಗಿಳಿಸಿ ನೇರವಾಗಿ ಮತ್ತೆ ಒಟ್ಟಿದರು. ಆದರೂ ಅದು ಕಿಟಕಿಯ ನಡುವಿಗಷ್ಟೇ ಬಂತು. ಕಡ್ಡಿ ಬೇಗ ಉರಿದುಹೋಗುತ್ತದೆ. ಲೆಕ್ಕ ಸರಿಹೋಗಲು ಇನ್ನೊಂದು ದಾರಿಯನ್ನು ಹೇಳಿದವರು ಸುಗಿ ಸಾನ್: “ಒಂದು ದಿನ ನಿಮ್ಮ ಹಂಡೆ, ಒಂದು ದಿನ ನಮ್ಮ ಹಂಡೆ. ನಾಲ್ಕು ಜನ, ಒಂದೇ ನೀರು. ನಿಮ್ಮ ದೇವರು ಒಪ್ತಾನಾ?”

“ಒಪ್ತಾನೆ ಅಜ್ಜಿ,” ಎಂದೆ.

ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ‘ಎರಡು ಸಲ ನೀರು ಕಾಯಿಸುವುದು ಆ ಹಳ್ಳಿಯ ಪದ್ಧತಿಯಲ್ಲ. ಲೇಖಕಿಯ ಅಜ್ಞಾನದಿಂದ ಒಂದು ಮನೆಯವರು ಹಾಗೆ ಮಾಡಬೇಕಾಯಿತು. ಅವರಿಗೆ ಲೇಖಕಿ ಋಣಿ.’ ಒಳಪುಟದ ಮೂಲೆಯಲ್ಲಿ ಅಚ್ಚಾಯಿತು. ಗೋಡೆಯ ಲೇಖನವನ್ನು ತೆಗೆಯಲು ಹೋದಾಗ ಸುಗಿ ಸಾನ್ ಬಿಡಲಿಲ್ಲ. “ಮನೆ ಚಿತ್ರ ಚೆನ್ನಾಗಿದೆ,” ಎಂದು, ತಿದ್ದುಪಡಿಯ ಚೂರನ್ನು ಅದರ ಕೆಳಗೇ ಅಂಟಿಸಿದರು.

ನಮ್ಮ ಒಲೆಗೆ ಮೊದಲ ಉರಿ ಹಾಕಿದ ದಿನ ಆಕಾಶ ಬೂದು ಬಣ್ಣಕ್ಕೆ ತಿರುಗಿತ್ತು. ಒಲೆ ಬಿರುಕು ಬಿಡಲಿಲ್ಲ. ಆ ದಿನ ಅವರು ಅತಿಥಿಗಳು. ಕಿಸಾಕು ಸಾನ್ ಒಳಗೆ ಇಳಿದರು. ನಾನು ಹೊರಗೆ ಒಲೆಯ ಬಾಯಿಯ ಮುಂದೆ ಕೂತೆ.

“ಬಿಸಿ ಸಾಕಾ ಅಜ್ಜ?”

“ಸಾಕು, ಸಾಕು.” ಸ್ವಲ್ಪ ಹೊತ್ತು ಬಿಟ್ಟು ಒಳಗಿನಿಂದ, “ಅಮ್ಮಾ, ಬಿರಡೆ ಎಲ್ಲಿ? ಕಾಣ್ತಾನೇ ಇಲ್ಲ,” ಎಂದರು. ಅಂಗಳದಲ್ಲಿ ಟವೆಲು ಹಿಡಿದು ತಮ್ಮ ಸರದಿಗೆ ಕಾದಿದ್ದ ಸುಗಿ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ಸಂಜೆ ನಾನೂ ನಕ್ಕೆ.

ಅವರಿಬ್ಬರ ನಂತರ ಯಜಮಾನರು, ಎಲ್ಲರ ಕೊನೆಗೆ ನಾನು. ಮೂವರು ಕೂತೆದ್ದ ನೀರು ಇನ್ನೂ ಬಿಸಿಯಾಗಿತ್ತು, ತಿಳಿಯಾಗಿತ್ತು. ಮೇಲೆದ್ದು ಹಂಡೆಯ ಮೇಲೆ ಮರದ ಮುಚ್ಚಳ ಎಳೆದೆ.

ಆ ರಾತ್ರಿಯೇ ಹಿಮ ಬಿತ್ತು. ಮರುದಿನ ಅವರ ಸರದಿ. ಅವರಲ್ಲಿ ಸ್ನಾನ ಮುಗಿಸಿ ಬಂದು, ಅನ್ನಕ್ಕೆ ಇಟ್ಟು, ಅಭ್ಯಾಸಬಲದಿಂದ ಕಿಟಕಿಯ ಬಳಿ ನಿಂತೆ. ಎರಡೂ ಮನೆಗಳ ಮಾಡುಗಳು ಬೆಳ್ಳಗಾಗಿದ್ದವು. ಅವರ ಹೊಗೆಕೊಳವೆಯ ಸುತ್ತ ಅಂಗೈಯಗಲ ಹಿಮ ಕರಗಿ ಕಪ್ಪು ಹಂಚು ಕಾಣುತ್ತಿತ್ತು. ಅನ್ನ ಬೇಯುವವರೆಗೂ ಕಾದೆ. ಕೊಳವೆಯಿಂದ ಇನ್ನೊಂದು ಹೊಗೆ ಏಳಲಿಲ್ಲ.